ರಟ್ಟಪ್ಪನ ಒತ್ತಿಗೆ ಸಿಕ್ಕ ಟಕೀಟೊ

ರಟ್ಟಪ್ಪ ಎಂದರೆ ನನ್ನ ತಂಗಿಯ ಗಂಡ. ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ, ಆದರೆ ಬೆನ್ನ ಹಿಂದೆ ಎಲ್ಲರೂ ಅನ್ನುವುದು ಹೀಗೇ. ಪುಸ್ತಕಕ್ಕೆ ಬೈಂಡ್ ಹಾಕುವ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ: ರಟ್ಟು, ದಾರ, ಮೈದಾ ಅಂಟಿನ ಡಬ್ಬಿ, ಮೂಲೆಯಲ್ಲಿ ತೂಕದ ಕಬ್ಬಿಣದ ಗಟ್ಟಿಗಳು. ಜೀವಮಾನವೆಲ್ಲ ಪುಸ್ತಕ ಹಿಡಿದವನು, ಒಂದು ಪುಟ ಓದಿದ್ದನ್ನು ನಾನಂತೂ ಕಾಣೆ. ಒಮ್ಮೆ ಕೇಳಿದೆ. "ಒಳಗೆ ಏನಾದ್ರೂ ಇರ್ಲಿ ಅತ್ತಿಗೆ, ಹೊರಗೆ ಬಿಗಿಯಾಗಿರ್ಬೇಕು ಅಷ್ಟೇ" ಅಂದ. ಮನುಷ್ಯನೂ ಹಾಗೇ, ಬಿಗಿದುಕೊಂಡೇ ಇರುತ್ತಾನೆ.

ಮದುವೆ ಮಾತಿಗೆ ಬಂದ ದಿನ ನಮ್ಮ ಮನೆಯ ಆಲ್ಬಂ ಎತ್ತಿಕೊಂಡು, "ಹೊಲಿಗೆ ಸಡಿಲ" ಎಂದು ಮೂಗು ಮುರಿದಿದ್ದ. ಹುಡುಗಿಯ ಮುಖ ನೋಡಿದ್ದು ಆಮೇಲೆ. ಆವತ್ತೇ ನಮ್ಮಪ್ಪನಿಗೆ ಹೇಳಿದೆ, ಈ ಗಂಡು ಬೇಡ ಎಂದು. ಯಾರು ಕೇಳುತ್ತಾರೆ? ಕೆಲಸ ಮಾತ್ರ ಗಟ್ಟಿ, ಸುಳ್ಳು ಹೇಳಬಾರದು. ಅವನು ಹೊಲಿದ ಪುಸ್ತಕವನ್ನು ಇಲಿಯೂ ಬಿಚ್ಚಲಾರದು. ಆದರೆ ಆ ಒಂದು ಕೆಲಸ ಬಂತು ಅಂತ ಲೋಕದ ಕೆಲಸವೆಲ್ಲ ತನಗೆ ಬಂದಂತೆ ಆಡುತ್ತಾನಲ್ಲ, ಅದಕ್ಕೇನು ಮಾಡೋಣ! ಬಡಗಿ ಬಂದರೆ ಬಡಗಿಗೆ ಪಾಠ, ಡಾಕ್ಟರ ಹತ್ತಿರ ಹೋದರೆ ಡಾಕ್ಟರಿಗೆ ಪಾಠ. ತಂಗಿ ಮಾಡಿದ ಅಡುಗೆಗಂತೂ ದಿನವೂ ಒಂದು ಕೊಂಕು. ತಟ್ಟೆ ಮಾತ್ರ ನೆಕ್ಕಿದ ಹಾಗೆ ಖಾಲಿ.

ಆ ತಂಗಿ, ಪಾಪದ ಪ್ರಾಣಿ, ಮೊದಲ ಸಲ ತನಗೆ ಅಂತ ಒಂದನ್ನು ಬಯಸಿದಳು. ಅವರ ಬೀದಿಯ ಕೊನೆಗೆ ಈಜುಕೊಳ ಇದೆ. ಅಲ್ಲಿಯ ತಿಂಡಿ ಕೌಂಟರಿನಲ್ಲಿ ಎಣ್ಣೆ ಬಾಣಲೆ ಇಡುವ ಹಾಗಿಲ್ಲ. ಈಜಿ ಬಂದವರಿಗೋ ಹೊಟ್ಟೆಯಲ್ಲಿ ಬೆಂಕಿ. ಕೌಂಟರಿನವನು ಯಾರಾದರೂ ಓವನ್ನಿನಲ್ಲಿ ಬೇಯಿಸಿದ ಖಾರದ ತಿಂಡಿ ತಂದುಕೊಡುತ್ತಾರಾ ಎಂದು ಹುಡುಕುತ್ತಿದ್ದ. ನನ್ನ ತಂಗಿ ಚಿಕನ್ ಟಕೀಟೊ ಮಾಡುವುದರಲ್ಲಿ ಎತ್ತಿದ ಕೈ. ಬೇಯಿಸಿದ ಕೋಳಿಯನ್ನು ಎಳೆ ಎಳೆಯಾಗಿ ಬಿಡಿಸಿ, ಚೀಸು, ಈರುಳ್ಳಿ, ಮೆಣಸಿನಪುಡಿ, ನಿಂಬೆರಸ ಬೆರೆಸಿ, ಮೆಕ್ಕೆಜೋಳದ ತೆಳು ರೊಟ್ಟಿಯಲ್ಲಿ ಬೆರಳು ಗಾತ್ರಕ್ಕೆ ಸುತ್ತಿ, ಮೇಲೆ ಎಣ್ಣೆ ಸವರಿ ಓವನ್ನಿಗೆ ಇಡುವುದು. ಪಕ್ಕಕ್ಕೆ ಗಟ್ಟಿ ಮೊಸರು, ಕೊತ್ತಂಬರಿ, ಬೆಳ್ಳುಳ್ಳಿ, ಹಸಿಮೆಣಸು ರುಬ್ಬಿದ ಸಾಸು. ಆ ಸಾಸು ನನಗೆ ಒಂದು ಬಟ್ಟಲು ಕೊಟ್ಟುಬಿಟ್ಟರೆ ಟಕೀಟೊ ಇಲ್ಲದೆಯೂ ಮುಗಿಸುತ್ತೇನೆ.

"ಭಾನುವಾರ ಬಂದು ತಿಂದು ನೋಡ್ತೀನಮ್ಮ. ಚೆನ್ನಾಗಿದ್ರೆ ಗಾಜಿನ ಪೆಟ್ಟಿಗೇಲಿ ಒಂದು ಸಾಲು ನಿಮ್ದೇ" ಎಂದಿದ್ದ ಕೌಂಟರಿನವನು. ಆ ಸಾಲಿಗಾಗಿ ಅವಳು ವಾರವೆಲ್ಲ ಸರಿಯಾಗಿ ನಿದ್ದೆ ಮಾಡಲಿಲ್ಲ. ರಟ್ಟಪ್ಪನಿಗೆ ನಗು. "ಸುತ್ತೋದು, ಇಡೋದು. ಇದೂ ಒಂದು ವಿದ್ಯೆನಾ?"

ಭಾನುವಾರ ಬೆಳಿಗ್ಗೆ ನಾನೂ ಅಲ್ಲೇ ಕೂತು ಕೊತ್ತಂಬರಿ ಬಿಡಿಸುತ್ತಿದ್ದೆ. ಕೋಳಿ ಬೆಂದ ಪಾತ್ರೆಯ ಮುಚ್ಚಳ ತೆಗೆಯುವಾಗ ಹಬೆ ಹೊಡೆದು ತಂಗಿಯ ಬಲಗೈ ಬೆರಳು ಸುಟ್ಟವು. ಹಾಗೇ ಹಲ್ಲು ಕಚ್ಚಿಕೊಂಡು ಹೂರಣವನ್ನೂ ಸಾಸನ್ನೂ ಮುಗಿಸಿದಳು. ಸುತ್ತಲು ಕೂತರೆ ಬೆರಳು ಮಡಿಸಲಾಗದು. ಆಗ ಎದ್ದು ಬಂದರು ನಮ್ಮ ಮಹಾಶಯರು, ತೋಳು ಮಡಚಿಕೊಂಡು.

"ಅತ್ತಿಗೆ, ಇವಳನ್ನ ಔಷಧಿ ಅಂಗಡಿಗೆ ಕರ್ಕೊಂಡು ಹೋಗಿ. ನಾನು ಸುತ್ತಿ ಇಡ್ತೀನಿ. ಕಾಗದ ಸುತ್ತಿದವನಿಗೆ ರೊಟ್ಟಿ ಯಾವ ಲೆಕ್ಕ?"

"ರೀ, ರೊಟ್ಟಿ ಬಿಸಿ ಮಾಡ್ಕೊಂಡು ಸುತ್ತಿ, ಇಲ್ಲಾಂದ್ರೆ ಒಡೆಯುತ್ತೆ. ಅಂಚು ಕೆಳಗೆ ಬರೋ ಹಾಗೆ ಟ್ರೇಲಿ ಇಟ್ರೆ ಸಾಕು, ತಾನಾಗೇ ಕೂರುತ್ತೆ."

"ನನಗೆ ಅಂಚಿನ ಪಾಠ ಹೇಳ್ಬೇಡ."

ಹೋದೆವು. ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಮರಳಿ ಬಂದು ನೋಡಿದರೆ ಅಡುಗೆಮನೆಯ ಮೇಜಿನ ಮೇಲೆ ಎರಡು ರಟ್ಟು, ನಡುವೆ ಬೆಣ್ಣೆಕಾಗದ, ಎಲ್ಲದರ ಮೇಲೆ ಕಬ್ಬಿಣದ ಗಟ್ಟಿ. ಪಕ್ಕದಲ್ಲಿ ಮೈದಾ ಕಲಸಿದ ಬಟ್ಟಲು. ತಂಗಿ ಬಾಗಿಲಲ್ಲೇ ನಿಂತುಬಿಟ್ಟಳು.

"ಏನ್ರೀ ಇದು?"

"ಅಂಟು ಹಾಕಿದ ಮೇಲೆ ಒತ್ತಿಗೆ ಇಡದೆ ಬಿಡೋಕಾಗುತ್ತಾ? ಬಿಚ್ಕೊಳ್ಳಲ್ವಾ? ಇನ್ನು ಯಾವನು ಎಳೆದ್ರೂ ಬಿಚ್ಚಲ್ಲ."

ಗಟ್ಟಿ ಎತ್ತಿದೆ. ಬೆರಳಿನಂತೆ ಗುಂಡಗಿರಬೇಕಾದ್ದು ನಾಲಗೆಯಂತೆ ಚಪ್ಪಟೆ. ಎರಡು ತುದಿಯಿಂದಲೂ ಕೋಳಿ ಹೊರಗೆ ಇಣುಕುತ್ತಿದೆ. "ಇದನ್ನ ತಿನ್ನೋದಾ, ಬೀರೂಲಿ ಜೋಡಿಸಿಡೋದಾ?" ಎಂದೆ.

"ನಿಮಗೆ ಕೆಲಸ ಅಂದ್ರೆ ಏನು ಅಂತ ಗೊತ್ತಿಲ್ಲ ಅತ್ತಿಗೆ" ಎಂದು ತಾನೇ ಅವನ್ನು ಟ್ರೇಗೆ ಜೋಡಿಸಿ ಓವನ್ನಿಗೆ ತಳ್ಳಿದ. ಬಯ್ಯೇ ತಂಗೀ, ಬಾಯಿಗೆ ಬಂದದ್ದು ಬಯ್ಯೇ ಎಂದು ನನಗೆ ಒಳಗೇ ಕುದಿತ. ಅವಳು ಮಿಕ್ಕ ಹೂರಣದ ಪಾತ್ರೆಯನ್ನೂ ಉಳಿದ ರೊಟ್ಟಿಗಳನ್ನೂ ಹತ್ತಿರ ಎಳೆದುಕೊಂಡು ಎಷ್ಟಿವೆ ಎಂದು ಎಣಿಸುತ್ತಾ ಕೂತಳು.

ಕೌಂಟರಿನವನು ಬಂದ. ರಟ್ಟಪ್ಪನೇ ತಟ್ಟೆ ಹಿಡಿದು ಮುಂದಾದ. "ಬನ್ನಿ ಸ್ವಾಮಿ. ಇದು ನಾನು ಮಾಡಿದ ಹೊಸ ಬಗೆ." ನೋಡಿ, ಬಗೆಯಂತೆ! ಆತ ಕಚ್ಚಿದ, ಎಳೆದ, ಮತ್ತೆ ಕಚ್ಚಿದ. ಅಂಟು ಬೆಂದು ಚಕ್ಕಳವಾಗಿತ್ತು.

"ಯಜಮಾನ್ರೇ, ಇದು ಹರಿಯೋದೇ ಇಲ್ವಲ್ಲ?"

"ಅದೇ ಅದರ ಗುಣ! ಗಟ್ಟಿ!"

"ತಿನ್ನೋದಕ್ಕೆ ಗಟ್ಟಿ ಯಾಕ್ರೀ?" ಎಂದು ತುಂಡನ್ನು ತಟ್ಟೆಯ ಅಂಚಿಗಿಟ್ಟು ಕೈ ಒರೆಸಿಕೊಂಡ. ಎದ್ದೂಬಿಟ್ಟ.

ಆಗ ತಂಗಿ ಬಾಯಿ ಬಿಟ್ಟಳು. "ಅಣ್ಣಾ, ಕೂತ್ಕೊಳ್ಳಿ. ನೀವು ತಿಂದದ್ದು ನಾನು ಮಾಡಿದ್ದಲ್ಲ."

"ಏ, ಮಾನ ಯಾಕೆ ಕಳೀತೀಯಾ?" ರಟ್ಟಪ್ಪ ಗುರ್ ಎಂದ.

"ನೀವು ಸ್ವಲ್ಪ ಅಂಗಡಿಗೆ ಹೋಗಿ." ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಇಷ್ಟು ವರ್ಷದಲ್ಲಿ ಅವನಿಗೆ ಅವಳು 'ಹೋಗಿ' ಎಂದದ್ದು ನಾನು ಕೇಳಿದ್ದು ಅದೇ ಮೊದಲು. ಅವನೂ ಕೇಳಿರಲಿಲ್ಲ ಅಂತ ಕಾಣುತ್ತದೆ, ಹೋದ.

ಎಡಗೈಯಲ್ಲಿ ರೊಟ್ಟಿ ಬಿಸಿ ಮಾಡಿದಳು. ಪಟ್ಟಿ ಕಟ್ಟಿದ ಕೈಯ ಅಂಗೈ ಒತ್ತಿಟ್ಟು ಎಡಗೈಯಲ್ಲಿ ಉರುಳಿಸಿದಳು. ಮೊದಲನೆಯದು ಸೊಟ್ಟ, ಎರಡನೆಯದೂ ಸೊಟ್ಟ. ನಾನು ಕೈ ಹಾಕಲು ಹೋದರೆ, "ಅಕ್ಕಾ, ಬಿಡು" ಎಂದಳು. ಅವು ಬೇಯುವ ತನಕ ಕೌಂಟರಿನವನು ಬೆರಳಿನಲ್ಲಿ ಸಾಸು ನೆಕ್ಕುತ್ತಾ ಕೂತಿದ್ದ. ಟ್ರೇ ಹೊರಗೆ ಬಂತು. ಸೊಟ್ಟವೇ, ಆದರೆ ಕಚ್ಚಿದರೆ ಕರುಂ ಎನ್ನುವ ಸದ್ದು ಮುಂದಿನ ಕೋಣೆಗೂ ಕೇಳಿರಬೇಕು. ಆತ ಒಂದು ತಿಂದ, ಇನ್ನೊಂದು ತಿಂದ, ಮೂರನೆಯದಕ್ಕೆ ಸಾಸಿನ ಬಟ್ಟಲಿನ ತಳ ಬಳಿದ.

"ಸಾಲು ನಿಮ್ದೇ ಅಮ್ಮ. ಆದ್ರೆ ಒಂದು ಮಾತು, ಸುತ್ತೋರು ನೀವೇ ಆಗಿರ್ಬೇಕು."

"ಬೇರೆ ಯಾರನ್ನೂ ಮುಟ್ಟೋಕೆ ಬಿಡಲ್ಲ" ಎಂದಳು.

ಆತ ಹೋದ ಮೇಲೆ ರಟ್ಟಪ್ಪ ಒಳಗೆ ಬಂದ. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ ಅಂದ, ನೀರಲ್ಲಿ ಬಿದ್ದು ಏಳೋರಿಗೆ ರುಚಿ ಎಲ್ಲಿಂದ ಬರಬೇಕು ಅಂದ. ಬಿರುಸು ಇಳಿದ ಮೇಲೆ ತನ್ನ ಚಪ್ಪಟೆ ಟಕೀಟೊಗಳ ತಟ್ಟೆ ಎಳೆದುಕೊಂಡು ಕೂತ. ಛಲಗಾರ! ಒಂದೊಂದನ್ನೂ ದವಡೆಯಲ್ಲಿ ಹಿಡಿದು ಎಳೆದು ಎಳೆದು ತಿಂದ. ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ.

"ಸಾಸು ಇಲ್ವೇನೇ?" ಎಂದ ಕೊನೆಗೆ, ಸಣ್ಣ ದನಿಯಲ್ಲಿ.

ತಂಗಿ ರುಬ್ಬಿದ ಪಾತ್ರೆಯಲ್ಲಿ ಉಳಿದ ಸಾಸನ್ನು ಸೀಸೆಗೆ ತುಂಬಿಸುತ್ತಿದ್ದಳು. "ಅದು ನಾಳೆ ಕೌಂಟರಿಗೆ" ಎಂದು ಮುಚ್ಚಳ ತಿರುಗಿಸಿದಳು.