ಇಬ್ಬರ ಅಗಲದ ಬೊಂತೆ

ಯಾರ ಮನೆಗೆ ಹೋದರೂ ಕೈಗೆ ಅವರೆಕಾಯಿಯ ಸೊಗಡು ಮೆತ್ತಿಕೊಳ್ಳುತ್ತಿದ್ದ ಕಾಲ ಅದು. ಹೆಮ್ಮರಗಾಲದ ನಮ್ಮ ಬೀದಿಗೆ ಚಳಿ ಬಂತೆಂದು ಮಕ್ಕಳಾದ ನಮಗೆ ತಿಳಿಯುತ್ತಿದ್ದದ್ದು ಆ ಸೊಗಡಿನಿಂದ, ಆಮೇಲೆ ಬೊಂತೆಯಿಂದ. ಉತ್ತರದ ಕಡೆಯವರು ಕೌದಿ ಅನ್ನುತ್ತಾರಲ್ಲ, ಹಳೇ ಸೀರೆಗಳನ್ನು ಪದರಪದರವಾಗಿ ಹಾಸಿ ಹೊಲಿಯುವ ಹೊದಿಕೆ, ಅದೇ ನಮ್ಮ ಬೊಂತೆ. ಅದರ ಭಾರ ಎಂಥದ್ದು ಅಂತ ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಹೊದ್ದುಕೊಂಡವರಿಗೇ ಗೊತ್ತು.

ನಮ್ಮ ಬೀದಿಯ ಹೆಂಗಸರದ್ದು ಒಂದು ಕಟ್ಟುಪಾಡಿತ್ತು. ವರ್ಷಕ್ಕೊಂದು ಮನೆಗೆ ಬೊಂತೆ. ಸರದಿ ಬಂದ ಮನೆಯವರು ಮೇಲಿನ ಸೀರೆ ಕೊಡಬೇಕು, ಉಳಿದವರೆಲ್ಲ ಒಳಗಿನ ಪದರಕ್ಕೆ ಒಂದೊಂದು ಹಳೇ ನೂಲಿನ ಸೀರೆ ಕೊಡಬೇಕು. ಸಮುದಾಯ ಭವನದಲ್ಲಿ ಎಲ್ಲರೂ ಸೇರಿ ಹೊಲಿಯಬೇಕು. ಹೊಲಿಯುವ ದಿನಗಳಲ್ಲಿ ತಂತಮ್ಮ ಮನೆಯ ಅಡುಗೆ ತಂದು, ಬುದ್ಧನ ಪಟದ ಕೆಳಗೆ ಸಾಲಾಗಿ ಇಟ್ಟು, ಹಂಚಿಕೊಂಡು ಉಣ್ಣಬೇಕು. ಒಬ್ಬರ ಮನೆಯ ಉಪ್ಸಾರು, ಇನ್ನೊಬ್ಬರ ಮನೆಯ ಒಣಮೀನಿನ ಗೊಜ್ಜು, ಬೆಂದ ಗೆಣಸು, ನುಗ್ಗೆಸೊಪ್ಪಿನ ಪಲ್ಯ. ನಾವು ಮಕ್ಕಳು ಬೊಂತೆಗಾಗಿ ಅಲ್ಲಿಗೆ ಹೋಗುತ್ತಿದ್ದೆವು ಅಂದರೆ ಸುಳ್ಳಾಗುತ್ತದೆ.

ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ ಸರದಿ ನಮ್ಮ ಮನೆಯದು. ಆದರೆ ಸರದಿ ಗೊತ್ತಾದಾಗ ಚೆನ್ನಾಗಿದ್ದ ನಮ್ಮವ್ವ ಅಷ್ಟರಲ್ಲಿ ಕೆಮ್ಮಿಗೆ ಬಿದ್ದು, ಅದು ಟೀಬಿ ಅಂತಾಗಿ, ಮೈಸೂರಿನ ಆಸ್ಪತ್ರೆಯಲ್ಲಿ ತಿಂಗಳಾನುಗಟ್ಟಲೆ ಇದ್ದು ಬಂದಿದ್ದಳು. ಬಂದವಳು ಅರ್ಧ ಅವ್ವನಾಗಿದ್ದಳು. ಬಳೆಗಳು ಮೊಣಕೈತನಕ ಜಾರುತ್ತಿದ್ದವು. ಕಫ ಪರೀಕ್ಷೆಯಲ್ಲಿ ಏನೂ ಇಲ್ಲ, ಮಾತ್ರೆ ಮಾತ್ರ ಬಿಡಬಾರದು, ಎಲ್ಲರ ಜೊತೆ ಇರಬಹುದು, ಮಗು ಪಕ್ಕದಲ್ಲಿ ಮಲಗಿದರೂ ಭಯವಿಲ್ಲ ಅಂತ ಡಾಕ್ಟರು ಅಪ್ಪನಿಗೆ ಹೇಳಿ ಕಳಿಸಿದ್ದರು. ನಂಜನಗೂಡಿನ ಕಾರ್ಖಾನೆಗೆ ಶಿಫ್ಟಿಗೆ ಹೋಗುತ್ತಿದ್ದ ಅಪ್ಪ ಅದನ್ನು ಮನೆಯಲ್ಲಿ ಒಂದಕ್ಕೆರಡು ಸಲ ಹೇಳಿದ. ಯಾರೂ ಇಲ್ಲ ಅನ್ನಲಿಲ್ಲ, ಯಾರೂ ಹಾಗೆ ನಡೆದುಕೊಳ್ಳಲೂ ಇಲ್ಲ.

ಅವ್ವನ ತಟ್ಟೆ, ಲೋಟ ಬೇರೆ ಗೂಡಿನಲ್ಲಿದ್ದವು. ಅವ್ವನ ಹಾಸಿಗೆ ಪಡಸಾಲೆಯ ಬಾಗಿಲ ಪಕ್ಕಕ್ಕೆ ಬಿತ್ತು. ನನ್ನದು ಒಳಗೆ, ಅಜ್ಜಿಯ ಮಗ್ಗುಲಿಗೆ. ಅಪ್ಪನ ತಾಯಿಯಾದ ಆ ಅಜ್ಜಿ, ಅವ್ವ ಆಸ್ಪತ್ರೆಯಲ್ಲಿದ್ದಷ್ಟು ದಿನ ನನ್ನನ್ನು ಸಾಕಿದವಳು. ಅವಳನ್ನು ಕೆಟ್ಟವಳು ಅನ್ನಲು ನನ್ನ ಬಾಯಿ ಬರುವುದಿಲ್ಲ. ಅವಳ ಒಬ್ಬಳು ಮಗಳು ಇದೇ ಕೆಮ್ಮಿನಲ್ಲಿ ಹೋಗಿದ್ದಳಂತೆ, ಮಾತ್ರೆಗಳು ಊರಿಗೆ ಬರುವ ಮುಂಚೆ. ಆದರೆ ನನಗೆ ಆಗ ಬೇಕಿದ್ದದ್ದು ಒಂದೇ, ಅವ್ವನ ಪಕ್ಕ ಮಲಗುವುದು. ಕೇಳಿದಾಗಲೆಲ್ಲ ಅವ್ವ ಸೆರಗನ್ನು ಬಾಯಿಗೆ ಹಿಡಿದುಕೊಂಡು, ಇನ್ನೊಂಚೂರು ದಿನ ಹೋಗಲಿ ಅನ್ನುತ್ತಿದ್ದಳು. ದೀಪಾವಳಿಯಲ್ಲೂ ಅದೇ ಮಾತು, ಅವರೆ ಕಾಯಿ ಕಟ್ಟಿದಾಗಲೂ ಅದೇ ಮಾತು. ನನಗೆ ಅಜ್ಜಿಯ ಮೇಲಿಗಿಂತ ಅವ್ವನ ಮೇಲೇ ಸಿಟ್ಟು ಬರತೊಡಗಿತ್ತು.

ಬೊಂತೆಯ ಮಾತುಕತೆಗೆ ಎಲ್ಲರೂ ಸೇರುವ ದಿನ ಬೆಳಗ್ಗೆ ಅವ್ವ ತಾನೇ ಅಡುಗೆ ಮಾಡುತ್ತೇನೆ ಅಂತ ಕೂತಳು. ಊರಿಗೆ ಬಂದ ಮೇಲೆ ಅವಳು ಒಲೆ ಮುಂದೆ ಕೂತದ್ದು ಅದೇ ಮೊದಲು. ನೆನೆಸಿದ ಅವರೆಕಾಳನ್ನು ಹಿದುಕುವ ಕೆಲಸ ನನಗೂ ಸಿಕ್ಕಿತು. ಹೆಬ್ಬೆರಳಿನಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಗುರಿ ತಪ್ಪಿಸಿದರೆ ಎದುರಿನವರ ಮೂಗಿಗೆ ಬೀಳುತ್ತದೆ. ನಾನು ಬೇಕಂತಲೇ ಗುರಿ ತಪ್ಪಿಸಿದೆ. ಅವ್ವ ನಕ್ಕಳು, ನಕ್ಕವಳೇ ಮುಖ ಆಚೆ ತಿರುಗಿಸಿ ಒಂದಿಷ್ಟು ದೂರ ಸರಿದು ಕೂತಳು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಜ್ಜಿ ಮೆಲ್ಲಗೆ ಹೇಳಿದಳು, “ನೀ ಮಾಡಿದ್ದ ಯಾರ್ ಉಂಡಾರು ರಾಜಿ? ಸುಮ್ಕೆ ಕಾಳು ದಂಡ.”

ಅವ್ವ ತೆಂಗಿನಕಾಯಿ ತುರಿದು, ಮಸಾಲೆ ರುಬ್ಬಿ, ನಡುನಡುವೆ ಗೋಡೆಗೊರಗಿ ಸುಧಾರಿಸಿಕೊಂಡು, ಹಿದುಕಿದ ಬೇಳೆ ಸಾರು ಮಾಡಿಯೇ ಮಾಡಿದಳು. ಪಾತ್ರೆಗೆ ಬಟ್ಟೆ ಕಟ್ಟಿ ನನ್ನ ತಲೆಯ ಮೇಲಿಟ್ಟಳು. ಅಜ್ಜಿ ಮೇಲಿನ ಸೀರೆಗೆಂದು ಅವ್ವನದೇ ಒಂದು ಹಸಿರು ಸೀರೆಯನ್ನು ಹಂಡೆಯಲ್ಲಿ ಕುದಿಸಿ ಒಣಗಿಸಿ ಇಟ್ಟಿದ್ದಳು, ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟಳು. ಅವ್ವ ನಮ್ಮಿಬ್ಬರ ಹಿಂದೆ ನಾಲ್ಕು ಮಾರು ಬಿಟ್ಟು ಬಂದಳು. ಕೈಯಲ್ಲಿ ಅವಳ ತಟ್ಟೆ, ಅವಳ ಲೋಟ.

ಭವನದಲ್ಲಿ ಆಗಲೇ ಎಲ್ಲರೂ ಕೂತಿದ್ದರು. ನಾವು ಹೋದೊಡನೆ ಮಾತು ನಿಂತಿತು. ಮಕ್ಕಳಿಗೆ ಇಂಥದ್ದೆಲ್ಲ ಬೇಗ ತಿಳಿಯುತ್ತದೆ. ಎದುರು ಮನೆಯ ಜಯಕ್ಕ ಮಡಿಲಲ್ಲಿದ್ದ ಎಳೆಗೂಸನ್ನು ಎತ್ತಿ ತನ್ನ ತಂಗಿಯ ಕೈಗೆ ಕೊಟ್ಟು ಮನೆಗೆ ಕಳಿಸಿದಳು. ಅವ್ವ ಅದನ್ನು ನೋಡಿದಳು. ಒಳಗೆ ಬರದೆ ಹೊಸಿಲ ಆಚೆ ಕೂತಳು.

ಜಯಕ್ಕನೇ ಮಾತು ತೆಗೆದಳು. ದನಿ ಮೆತ್ತಗಿತ್ತು, ಅವಳಿಗೂ ಕಷ್ಟವಾಗುತ್ತಿತ್ತು ಅಂತ ಈಗ ತಿಳಿಯುತ್ತದೆ. “ನಮ್ಗೆಲ್ಲಾ ಚಿಕ್ ಚಿಕ್ ಮಕ್ಕಳವೆ. ಈ ಕಿತ ರಾಜಕ್ಕ ಸುಧಾರಿಸ್ಕಳ್ಳಿ. ಸರದೀನ ಬರೋ ವರ್ಸಕ್ಕೆ ಇಟ್ಕಳಣ,” ಅಂದಳು.

ಕೆಲವರು ತಲೆಯಾಡಿಸಿದರು. ಅಜ್ಜಿ ನಮ್ಮ ಪರ ಮಾತಾಡುತ್ತಾಳೆ ಅಂತ ಕಾದೆ. ಅವಳು ಸೀರೆಯ ಅಂಚನ್ನು ಉಗುರಿನಲ್ಲಿ ಕೆರೆಯುತ್ತ ಕೂತಿದ್ದಳು. ಆಗ ಬೊಂತೆಯ ಯಜಮಾನಿಕೆಯೆಲ್ಲ ಬೀದಿಯ ಹಿರಿಯಳಾದ ಮಾದತ್ತೆಯದು. ನಮ್ಮೂರಿನ ಅರ್ಧ ಮಕ್ಕಳ ಹೊಕ್ಕುಳು ಕೊಯ್ದವಳು, ಬಾಯಿ ಜೋರು, ತಾಂಬೂಲ ಇಲ್ಲದೆ ಒಂದು ಗಳಿಗೆ ಇರುತ್ತಿರಲಿಲ್ಲ. ಸರದಿ ಅಂದರೆ ಸರದಿ, ಹುಷಾರಿಲ್ಲದವರಿಗೆ ಬೊಂತೆ ಬೇಡ ಅನ್ನುವುದಾದರೆ ಇನ್ನು ಯಾರಿಗೆ ಹೊಲಿಯೋಣ ಅಂತ ಕೇಳಿದಳು. ಮೊದಲು ಉಣ್ಣೋಣ, ಹಸಿದ ಹೊಟ್ಟೆಯಲ್ಲಿ ಜಗಳ ನೆಟ್ಟಗಾಗುವುದಿಲ್ಲ ಅಂತ ಅವಳೇ ಹೇಳಿ ಮುದ್ದೆಯ ಕುಕ್ಕೆಯನ್ನು ನಡುವಿಗೆ ಎಳೆದಳು.

ಪಾತ್ರೆಗಳ ಬಟ್ಟೆ ಬಿಚ್ಚಿದರು. ನಾನು ನಮ್ಮ ಪಾತ್ರೆಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಒಂದು ಕೈ ಉಪ್ಸಾರಿಗೆ ಹೋಯಿತು, ಇನ್ನೊಂದು ಗೊಜ್ಜಿಗೆ, ಮತ್ತೊಂದು ಪಲ್ಯಕ್ಕೆ. ನಮ್ಮದರ ಹತ್ತಿರ ಬಂದ ಒಂದು ಕೈ ಪಕ್ಕದ ಗೆಣಸು ತೆಗೆದುಕೊಂಡು ಹೋಯಿತು. ಸಾರಿನ ಮೇಲೆ ಎಣ್ಣೆ ತೇಲುತ್ತ ಹಾಗೇ ನಿಂತಿತ್ತು. ಯಾರೂ ಮುಟ್ಟದಿದ್ದರೆ ಇದನ್ನು ನಾನೊಬ್ಬಳೇ ಕುಡಿದು ಮುಗಿಸುತ್ತೇನೆ ಅಂತ ಹಲ್ಲು ಕಚ್ಚಿ ತೀರ್ಮಾನ ಮಾಡಿಕೊಂಡೆ.

ಎಲ್ಲರಿಗೂ ಮುದ್ದೆ ಕೊಟ್ಟು ಮುಗಿಸಿ ಮಾದತ್ತೆ ಕಡೆಗೆ ಉಣ್ಣಲು ಕೂತಳು. ಸೌಟು ಹಾಕಿ ಸಾರನ್ನು ಬುಡದಿಂದ ಕದಡಿ, ಮುದ್ದೆ ಮುಳುಗುವಷ್ಟು ಸುರಿದುಕೊಂಡು, ಒಂದು ತುತ್ತು ನುಂಗಿ, ಹೊಸಿಲ ಕಡೆ ತಿರುಗಿದಳು. “ಉಪ್ಪು ಕಮ್ಮಿ ಆಗದೆ ಕಣೆ ರಾಜಿ. ಆಸ್ಪತ್ರೇಲಿ ಅಡುಗೆ ಮರ್ತ್‌ಬುಟ್ಟು ಬಂದಿದ್ದೀಯಾ?”

ಆಸ್ಪತ್ರೆಯಿಂದ ಬಂದಂದಿನಿಂದ ಎಲ್ಲರೂ ಅವ್ವನ ಹತ್ತಿರ ಮೆತ್ತಗೆ ಮಾತಾಡುತ್ತಿದ್ದರು. ಅವಳಿಗೆ ಯಾರಾದರೂ ಬೈದದ್ದು ಅದೇ ಮೊದಲು. ಅವ್ವನ ಮುಖಕ್ಕೆ ಕಳೆ ಬಂತು. ಹಿಂದೆಯೇ ಇನ್ನೊಬ್ಬರು ಸೌಟಿಗೆ ಕೈ ಹಾಕಿದರು, ಮತ್ತೊಬ್ಬರು ಉಪ್ಪೇನೂ ಕಮ್ಮಿಯಿಲ್ಲ ಅಂತ ಮಾದತ್ತೆಗೇ ತಿರುಗಿ ಹೇಳಿದರು. ಜಯಕ್ಕ ಮಾತ್ರ ಹೊಟ್ಟೆ ಸರಿಯಿಲ್ಲ ಅಂದು ಮುಟ್ಟಲಿಲ್ಲ. ಪಾತ್ರೆ ಅರ್ಧಕ್ಕಿಳಿಯಿತು. ಅವ್ವ ಮಾತ್ರ ಎಷ್ಟು ಕರೆದರೂ ಒಳಗೆ ಬರಲಿಲ್ಲ, ತನ್ನ ತಟ್ಟೆಗೆ ದೂರದಿಂದ ಹಾಕಿಸಿಕೊಂಡು ಆಚೆಯೇ ಉಂಡಳು. ನನ್ನ ಆಸೆಗೆ ಅಡ್ಡವಾಗಿ ಕೂತಿರುವವಳು ಜಯಕ್ಕನಲ್ಲ, ಅಜ್ಜಿಯೂ ಅಲ್ಲ, ಅವ್ವನೇ ಅಂತ ನನಗೆ ಆಗ ಅನ್ನಿಸಿತು, ಅನ್ನಿಸಿ ಭಯವಾಯಿತು.

ಊಟವಾದ ಮೇಲೆ ಸರದಿ ಮುಂದಕ್ಕೆ ಹಾಕುವ ಮಾತನ್ನು ಯಾರೂ ಎತ್ತಲಿಲ್ಲ, ಬೊಂತೆಯ ಅಳತೆಗೆ ಕೂತರು. ಅಜ್ಜಿ ಹಸಿರು ಸೀರೆಯನ್ನು ನಡುಮಧ್ಯಕ್ಕೆ ಕತ್ತರಿಸಿ ಎರಡು ತುಂಡು ಮಾಡಿದಳು. ಆ ತುಂಡುಗಳನ್ನು ಒಂದರ ಮೇಲೊಂದು ಹಾಸಿದರೆ ಬೊಂತೆ ಒಬ್ಬರ ಅಗಲವಾಗುತ್ತದೆ, ಪಕ್ಕಪಕ್ಕ ಜೋಡಿಸಿದರೆ ಇಬ್ಬರ ಅಗಲ. ನಮ್ಮ ಬೀದಿಯಲ್ಲಿ ಅಲ್ಲಿಯತನಕ ಒಬ್ಬರ ಅಗಲದ ಬೊಂತೆ ಹೊಲಿದದ್ದೇ ಇಲ್ಲ. ಯಾರ ಮನೆಯಲ್ಲಿ ಒಬ್ಬೊಬ್ಬರೇ ಮಲಗುತ್ತಿದ್ದರು? ಅಜ್ಜಿ ಒಂದು ತುಂಡು ಹಾಸಿ, ಇನ್ನೊಂದನ್ನು ಅದರ ಮೇಲೇ ಹಾಸಿ, ಸುಕ್ಕು ಸವರಿದಳು.

ಎಲ್ಲರ ಕಣ್ಣೂ ನೆಲದ ಮೇಲೆ. ಆಚೆಯಿಂದ ಅವ್ವನ ದನಿ ಬಂತು, “ಒಬ್ಳಿಗೆ ಸಾಕು ಕಣತ್ತೆ.”

ಆ ಮಾತು ನನಗೆ ಎಲ್ಲಿ ತಾಗಿತೋ ಅಲ್ಲಿ ಇವತ್ತಿಗೂ ನೋಯುತ್ತದೆ. ಬೊಂತೆ ಅಂದರೆ ಹತ್ತಾರು ವರ್ಷ ಬಾಳುವಂಥದ್ದು. ಒಬ್ಬಳ ಅಗಲಕ್ಕೆ ಹೊಲಿದರೆ ಅವ್ವ ಅಷ್ಟೂ ವರ್ಷ ಬಾಗಿಲ ಪಕ್ಕ ಒಬ್ಬಳೇ ಮಲಗುತ್ತಾಳೆ, ನಾನು ದೊಡ್ಡವಳಾಗಿಬಿಡುತ್ತೇನೆ ಅಂತ ಆ ವಯಸ್ಸಿನ ಲೆಕ್ಕ.

ಮಾದತ್ತೆ ಎಲೆಯಡಿಕೆ ಉಗಿದು ಬಂದಳು. ಅಳತೆಯನ್ನು ಬಾಯಲ್ಲಿ ತೆಗೆಯುವುದಕ್ಕೆ ಆಗುವುದಿಲ್ಲ, ಬಂದು ಮಲಗು ಅಂತ ಅವ್ವನನ್ನು ಕರೆದಳು. ಅದು ನಮ್ಮಲ್ಲಿ ರೂಢಿಯೇ, ಸರದಿಯ ಮನೆಯವರು ಹಾಸಿದ ಸೀರೆಯ ಮೇಲೆ ಮಲಗಿ ಉದ್ದಗಲ ತೋರಿಸಬೇಕು. ಅವ್ವ ಇಲ್ಲ ಅನ್ನಲಾಗದೆ ಒಳಗೆ ಬಂದು, ಸೆರಗನ್ನು ಬಾಯಿಗಿಟ್ಟುಕೊಂಡು ಮಲಗಿದಳು. ಹೆಂಗಸರು ಸ್ವಲ್ಪ ಸ್ವಲ್ಪ ಹಿಂದೆ ಸರಿದರು. ಮಾದತ್ತೆ ಬಗ್ಗಿ ನನ್ನ ರಟ್ಟೆ ಹಿಡಿದಳು.

“ನೀನೂ ಮನೀಕೊ.”

ಅವ್ವ ದಡಕ್ಕನೆ ಎದ್ದು ಕೂತಳು. “ಬ್ಯಾಡ ಕಣತ್ತೆ. ಮಗಾ ಅದು.”

“ಡಾಕ್ಟ್ರು ಏನಂದ್ರು?”

“ಪಕ್ಕ ಮಲಗಿದ್ರೂ ಭಯ ಇಲ್ಲ ಅಂದ್ರು.”

“ನೀನ್ಯಾವ ಡಾಕ್ಟ್ರು ಮತ್ತೆ? ಸುಮ್ಕೆ ಬಿದ್ಕೊ.”

ಅವ್ವ ಮಲಗಿದಳು. ನಾನೂ ಮಲಗಿದೆ, ನೆಲದ ಮೇಲೆ, ಸೀರೆಯ ಅಂಚಿನಿಂದ ಆಚೆಗೆ. ಬೇಕು ಬೇಕು ಅಂತ ಅಷ್ಟು ದಿನ ಅತ್ತವಳಿಗೆ ಈಗ ಹತ್ತಿರ ಹೋಗಲು ಹೆದರಿಕೆ. ಎಲ್ಲರೂ ನೋಡುತ್ತಿದ್ದರು. ಅವ್ವ ಸೂರು ನೋಡುತ್ತ ಉಸಿರು ಹಿಡಿದುಕೊಂಡಿದ್ದಳು, ಅವಳ ಎದೆ ಏಳುತ್ತಿರಲಿಲ್ಲ. ಮಾದತ್ತೆ ತನ್ನ ಪಾದದಿಂದ ನನ್ನ ಬೆನ್ನನ್ನು ಮೆಲ್ಲಗೆ ನೂಕಿದಳು.

“ನಡ್ವೆ ಇಷ್ಟು ಜಾಗ ಬುಟ್ರೆ ಅಷ್ಟು ಬಟ್ಟೇನ ಯಾರ್ ಕೊಟ್ಟಾರು? ಸರಿ ಅತ್ತಗೆ.”

ಸರಿದೆ. ನನ್ನ ಭುಜ ಅವ್ವನ ತೋಳಿಗೆ ತಾಗಿತು. ತೋಳು ತೆಳ್ಳಗಾಗಿತ್ತು, ಆದರೆ ಬಿಸಿ ಅದೇ ಬಿಸಿ. ಅವಳ ಕೈಯಲ್ಲಿ ಅವರೆಯ ಸೊಗಡಿತ್ತು, ಅದರ ಹಿಂದೆ ಆಸ್ಪತ್ರೆಯದೊಂದು ವಾಸನೆ, ಅದರ ಹಿಂದೆ ನನಗೆ ಮರೆತೇಹೋಗಿದೆ ಅಂದುಕೊಂಡಿದ್ದ ಅವಳ ವಾಸನೆ. ಅವ್ವ ಬಹಳ ಹೊತ್ತು ಹಾಗೇ ಇದ್ದು, ಕಡೆಗೆ ತಡೆಯಲಾರದೆ ಉಸಿರು ಬಿಟ್ಟಳು. ಬಿಟ್ಟವಳಿಗೆ ಅಳು ಬಂತು. ಸದ್ದಿಲ್ಲದೆ ಕಣ್ಣೀರು ಕಿವಿಯತ್ತ ಇಳಿಯಿತು. ಸೆರಗು ಹಿಡಿದಿದ್ದ ಕೈ ಬಾಯಿಂದ ಕೆಳಗಿಳಿದು ನನ್ನ ತಲೆಯ ಮೇಲೆ ಬಂತು.

ಅಜ್ಜಿ ಎದ್ದಳು. ನಮ್ಮಿಬ್ಬರನ್ನೂ ಬಯ್ಯುತ್ತಾಳೆ ಅಂದುಕೊಂಡೆ. ಅವಳು ಮಂಡಿಯೂರಿ ಕೂತು, ಅವ್ವನ ಅಡಿಯಲ್ಲಿದ್ದ ಮೇಲಿನ ತುಂಡನ್ನು ಮೆಲ್ಲಗೆ ಎಳೆದು ತೆಗೆದು, ನನ್ನ ಕಡೆಗೆ ತಂದು ಪಕ್ಕದಲ್ಲಿ ಹಾಸಿದಳು. ನನ್ನನ್ನು ಎತ್ತಿ ಅದರ ಮೇಲೆ ಮಲಗಿಸಿದಳು. ಜಯಕ್ಕ ಭವನದ ಗೂಡಿನಲ್ಲಿದ್ದ ಸೀಮೆಸುಣ್ಣ ತೆಗೆದು ನಮ್ಮಿಬ್ಬರ ಸುತ್ತ ಗೆರೆ ಎಳೆದಳು. ಕೂಸನ್ನು ಮಾತ್ರ ಆ ವರ್ಷವೆಲ್ಲ ಅವಳು ನಮ್ಮ ಮನೆಗೆ ಕರೆದುಕೊಂಡು ಬರಲಿಲ್ಲ, ಅದನ್ನೂ ಹೇಳಿಬಿಡಬೇಕು.

ಬೊಂತೆ ಸಂಕ್ರಾಂತಿಯ ಹೊತ್ತಿಗೆ ಮುಗಿಯಿತು. ನಾನು ಅಷ್ಟು ದಿನ ಕಾಯಬೇಕಾಗಲಿಲ್ಲ. ಅಂದೇ ಸಂಜೆ ಅಜ್ಜಿ ನನ್ನ ಚಾಪೆಯನ್ನು ಸುತ್ತಿ ತಂದು ಅವ್ವನ ಪಕ್ಕ ಬಿಚ್ಚಿದಳು. ಆ ತಟ್ಟೆ, ಲೋಟ ಬೇರೆ ಗೂಡಿನಲ್ಲಿ ಇನ್ನೂ ಕೆಲವು ದಿನ ಇದ್ದವು, ಆಮೇಲೆ ಯಾವಾಗ ಎಲ್ಲದರ ಜೊತೆ ಸೇರಿದವೋ ಯಾರೂ ಗಮನಿಸಲಿಲ್ಲ.

ಈಗ ಮಾದತ್ತೆ ಇಲ್ಲ, ಅಜ್ಜಿ ಇಲ್ಲ, ಎಷ್ಟೋ ವರ್ಷ ಗಟ್ಟಿಯಾಗಿ ಬಾಳಿದ ಅವ್ವನೂ ಇಲ್ಲ. ಊರಿನ ಭವನಕ್ಕೆ ಟೈಲ್ಸು ಹಾಕಿ ಬೀಗ ಹಾಕಿದ್ದಾರೆ. ಬೀದಿಯವರು ಚಳಿಗೆ ಅಂಗಡಿಯ ರಗ್ಗು ತರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು. ನಾನು ಟಿ. ನರಸೀಪುರದಲ್ಲಿ ಟೀಚರಾಗಿ, ಅಲ್ಲೇ ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದೇನೆ, ನಮ್ಮ ಮನೆಯಲ್ಲೂ ಹಾಗೇ ಆಗಿದೆ.

ಕೊರೋನಾ ವರ್ಷ ನನಗೂ ಬಂತು. ನೆರೆಯವರು ಒಳ್ಳೆಯವರೇ, ಗೇಟಿಗೆ ಊಟದ ಚೀಲ ನೇತುಹಾಕಿ ಫೋನ್ ಮಾಡುತ್ತಿದ್ದರು. ವಾಸಿಯಾಯಿತು, ಇನ್ನು ಭಯವಿಲ್ಲ ಅಂತ ಡಾಕ್ಟರು ಹೇಳಿದರು. ನಾನು ಮಾತ್ರ ಕೋಣೆಯ ಬಾಗಿಲು ತೆಗೆಯಲಿಲ್ಲ. ನನ್ನ ಮಗಳು ಆಚೆ ಬಾಗಿಲಿಗೊರಗಿ ಕೂತು ದಿನಾ ಕೇಳುತ್ತಿದ್ದಳು, ಇವತ್ತು ನಿನ್ನ ಹತ್ತಿರ ಮಲಗಲಾ ಅಂತ. ಇನ್ನೊಂದಿಷ್ಟು ದಿನ ಹೋಗಲಿ ಅಂದೆ, ಮತ್ತೊಂದಿಷ್ಟು ದಿನ ಹೋಗಲಿ ಅಂದೆ. ಒಳಗೆ ಬಂದು ನನ್ನನ್ನು ಗದರಿಸುವವರು ಯಾರೂ ಇರಲಿಲ್ಲ. ಕಡೆಗೆ ಒಂದು ದಿನ ನಾನೇ ಧೈರ್ಯ ಮಾಡಿ ಬಾಗಿಲು ತೆಗೆದು, ಬಾ ಮಗಳೇ ಅಂತ ಕರೆದೆ. ಅವಳು ತನ್ನ ಹಾಸಿಗೆಯಿಂದ ತಲೆಯೆತ್ತಿ ನೋಡಿ, “ಬೇಡಮ್ಮ, ನನಗೆ ಇಲ್ಲೇ ಅಭ್ಯಾಸ ಆಗಿದೆ,” ಅಂದಳು.