ಜಾಗಾ ಖಾಲೀ ಆಹೇ

ಮದುವೆಗೋ ಕಾರ್ಯಕ್ರಮಕ್ಕೋ ಕರೆ ಬಂದರೆ ಯಾವ ಸೀರೆ ಉಡಲಿ ಎಂದು ಯೋಚಿಸುವ ಕಾಲ ನನಗೆ ತೊಂಬತ್ತರ ದಶಕದಲ್ಲೇ ಮುಗಿದಿತ್ತು. ಸ್ಕೂಟರಿನಿಂದ ಬಿದ್ದು ಬೆನ್ನುಮೂಳೆ ಮುರಿದು, ಗಾಲಿಕುರ್ಚಿಯೇ ಗತಿಯಾದ ಮೇಲೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಪಾವಟಗಿ ಎಷ್ಟು ಅದಾವ್ರಿ?" ಕರೆಯಲು ಬಂದವರು ತಬ್ಬಿಬ್ಬಾಗುತ್ತಿದ್ದರು. "ಏನಿಲ್ಲ ಬಿಡ್ರಿ, ಎರಡೋ ಮೂರೋ ಇರಬೇಕು" ಎನ್ನುತ್ತಿದ್ದರು. ಹೋಗಿ ನೋಡಿದರೆ ಬೆಟ್ಟದ ಮೇಲಿನ ಗುಡಿಗೆ ಹತ್ತುವಷ್ಟು ಮೆಟ್ಟಿಲು! ಅವರು ಸುಳ್ಳು ಹೇಳುತ್ತಿರಲಿಲ್ಲ. ಕಾಲು ಗಟ್ಟಿ ಇದ್ದವರಿಗೆ ಮೆಟ್ಟಿಲು ಕಣ್ಣಿಗೇ ಬೀಳುವುದಿಲ್ಲ.

ಇನ್ನೊಂದು ಉತ್ತರ ಇದಕ್ಕಿಂತ ಭಯಂಕರ. "ನಾವೆಲ್ಲಾ ಅದೀವಲ್ರಿ, ಎತ್ತಿ ಒಯ್ತೀವಿ." ಹೀಗೆ ಹೇಳಿದವರನ್ನು ನಂಬಿ ಒಮ್ಮೆ ಗಂಡನ ಕಡೆಯವರ ಮದುವೆಗೆ ಹೋಗಿದ್ದೆ. ಮಂಗಲ ಕಾರ್ಯಾಲಯ ಮಹಡಿಯ ಮೇಲೆ. ನಾಲ್ವರು ಗಂಡಸರು ಕುರ್ಚಿ ಸಮೇತ ನನ್ನನ್ನು ಎತ್ತಿದರು. ಒಬ್ಬ ಈ ಕಡೆ ಎಂದರೆ ಇನ್ನೊಬ್ಬ ಆ ಕಡೆ ಎಂದ. ಮೆಟ್ಟಿಲ ನಡುವೆ ಕುರ್ಚಿ ವಾಲಿತು, ಸೆರಗು ಜಾರಿತು, ಎರಡೂ ಕೈಯಲ್ಲಿ ಕುರ್ಚಿಯನ್ನು ಅವಚಿ ಹಿಡಿದಿದ್ದರಿಂದ ಅದನ್ನು ಸರಿಮಾಡಿಕೊಳ್ಳಲೂ ಆಗಲಿಲ್ಲ. ವಿಡಿಯೋದವನು ಮದುಮಗನನ್ನು ಬಿಟ್ಟು ದೀಪವನ್ನು ನನ್ನ ಕಡೆ ತಿರುಗಿಸಿದ. ಮದುಮಗನದಕ್ಕಿಂತ ನನ್ನ ಮೆರವಣಿಗೆಯೇ ಜೋರಾಯಿತು. ಪಕ್ಕದಲ್ಲಿ ಹತ್ತಿ ಬರುತ್ತಿದ್ದ ನನ್ನ ಪುಟ್ಟ ಮಗಳು "ಅವ್ವ ಬೀಳ್ತಾಳ, ಅವ್ವ ಬೀಳ್ತಾಳ" ಎಂದು ಒಂದೇ ಸಮನೆ ಅತ್ತಳು. ಊಟವೂ ಮಾಡಲಿಲ್ಲ. ಇನ್ನು ಮುಂದೆ ಯಾರ ಕೈಯಲ್ಲೂ ಎತ್ತಿಸಿಕೊಳ್ಳುವುದಿಲ್ಲ ಎಂದು ಅವತ್ತು ಅವಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಆ ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದಳು. ನಾವಿದ್ದದ್ದು ಪುಣೆಯಲ್ಲಿ; ಮನೆಯಲ್ಲಿ ಕನ್ನಡ, ಹೊರಗೆಲ್ಲ ಮರಾಠಿ. ಹೆದರಿದರೆ ಎರಡೂ ಕೈಕೊಡುತ್ತಿದ್ದವು. ಒಂದು ವರ್ಷ ಶಾಲೆಯ ಗ್ಯಾದರಿಂಗ್‌ನಲ್ಲಿ ವೇದಿಕೆ ಹತ್ತಿ, ಬಾಯಿ ತೆರೆದು, ಒಂದಕ್ಷರವೂ ಹೊರಡದೆ ಇಳಿದು ಬಂದಿದ್ದಳು. ಅಲ್ಲಿ ನಾನಿರಲಿಲ್ಲ. ಅಲ್ಲಿಯೂ ಮೆಟ್ಟಿಲಿದ್ದವು.

ಅಷ್ಟರಲ್ಲಿ ಎರಡು ಸಾವಿರದ ಇಸವಿ ದಾಟಿ, ಊರಂಚಿನ ಮಗರಪಟ್ಟಾ ಕಡೆಯ ಕಂಪ್ಯೂಟರ್ ಕಂಪನಿಗಳಿಗೆ ಬೆಂಗಳೂರಿನ ಹುಡುಗರು ಸಾಕಷ್ಟು ಬಂದು ಸೇರಿದ್ದರು. ಅಲ್ಲಿಯವರೆಗೆ ನಮ್ಮ ಕನ್ನಡ ಬಳಗ ಎಂದರೆ ವಿಜಾಪುರ, ಬಾಗಲಕೋಟೆ ಕಡೆಯ ವ್ಯಾಪಾರಸ್ಥರು, ನನ್ನ ಗಂಡನಂಥ ಗುಮಾಸ್ತರು. ಬಳಗದ ವಾರ್ಷಿಕ ಕಾರ್ಯಕ್ರಮದ ಓಡಾಟವನ್ನೆಲ್ಲ ಹಿರಿಯರು ಸಂತೋಷದಿಂದ ಈ ಹುಡುಗರ ಹೆಗಲಿಗೆ ದಾಟಿಸಿಬಿಟ್ಟರು. ಆ ವರ್ಷ ಮಕ್ಕಳ ನಾಟಕ. ಪರದೆಯ ಮುಂದೆ ಒಬ್ಬಳೇ ನಿಂತು ಮೊದಲ ಮಾತು ಹೇಳುವ ಪಾಲು ನನ್ನ ಮಗಳಿಗೆ ಬಂತು.

"ನೀ ನನಗ ಕಾಣಬೇಕವ್ವಾ. ನಿನ್ನ ನೋಡ್ಕೋತ ಹೇಳ್ತೀನಿ. ಇಲ್ಲಂದ್ರ ನನ್ನ ಬಾಯಿ ಬಿಡೂದಿಲ್ಲ" ಎಂದಳು.

ಆಸನದ ವ್ಯವಸ್ಥೆ ಒಬ್ಬ ಬೆಂಗಳೂರು ಹುಡುಗನದು. ಅವನಿಗೆ ಫೋನು ಮಾಡಿದೆ.

"ಆಂಟಿ, ಡೋಂಟ್ ವರಿ. ಹಾಲ್ ಮ್ಯಾನೇಜರ್ ಹತ್ರ ಮಾತಾಡಿದೀನಿ. ವೀಲ್‌ಚೇರ್‌ಗೆ ಜಾಗ ಇದೆಯಂತೆ."

"ಪಾವಟಗಿ?"

"ಏನು?"

"ಮೆಟ್ಟಲಾ ಅಪ್ಪಾ, ಮೆಟ್ಟಲಾ!"

"ಓ, ಸ್ಟೆಪ್ಸಾ? ಅದೆಲ್ಲ ನಾವು ನೋಡ್ಕೋತೀವಿ ಆಂಟಿ."

ಆ "ನೋಡ್ಕೋತೀವಿ"ಯಲ್ಲಿ ನನಗೆ "ಎತ್ತಿ ಒಯ್ತೀವಿ" ಎಂದೇ ಕೇಳಿಸಿತು. ಮತ್ತೆ ಮತ್ತೆ ಕೇಳಿದರೆ ಕಿರಿಕಿರಿ ಹೆಂಗಸು ಎಂದುಕೊಂಡಾನು ಎಂದು ಫೋನಿಟ್ಟೆ. ಅವನ ಧ್ವನಿಯಲ್ಲಿ ಅಷ್ಟು ವಿಶ್ವಾಸವಿತ್ತು.

ಕಾರ್ಯಕ್ರಮದ ದಿನ ಬೆಳಿಗ್ಗೆಯಿಂದ ನೀರು ಕುಡಿಯಲಿಲ್ಲ. ಹೊರಗೆ ಹೋಗುವ ದಿನ ನನಗೆ ನಿರ್ಜಲ ಏಕಾದಶಿ. ಪಾಯಖಾನೆಯ ಬಾಗಿಲಲ್ಲಿ ಕುರ್ಚಿ ಹಿಡಿಸುತ್ತದೋ ಇಲ್ಲವೋ ಬಲ್ಲವರಾರು? ಬಣ್ಣ ಹಚ್ಚಿಸಿಕೊಳ್ಳಲು ಮಗಳು ಮಧ್ಯಾಹ್ನವೇ ಉಳಿದ ಮಕ್ಕಳ ಜೊತೆ ಹೋಗಿದ್ದಳು. ಸಂಜೆ ನನ್ನ ಗಂಡ ಕುರ್ಚಿ ಮಡಚಿ ರಿಕ್ಷಾಕ್ಕೆ ಹಾಕಿ ನನ್ನನ್ನು ಕರೆದೊಯ್ದ. ವಿಮಾನ ನಗರದ ಕಡೆಯ ಹೊಸ ಹಾಲ್ ಅದು. ಬಾಗಿಲಲ್ಲಿ ಒಂದೂ ಮೆಟ್ಟಿಲಿಲ್ಲ! ಒಳಗೆ ನೆಲವೇ ಇಳಿಜಾರಾಗಿ ವೇದಿಕೆಯ ತನಕ ಹೋಗಿತ್ತು. ಕಟ್ಟಿಸಿದವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅಷ್ಟರಲ್ಲಿ ಆ ಹುಡುಗ ಓಡಿ ಬಂದ. ಮುಖದಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು. "ಆಂಟಿ, ನಿಮಗೆ ಬೆಸ್ಟ್ ಸೀಟ್ ಇಟ್ಟಿದೀನಿ. ಮೇಲೆ, ಬಾಲ್ಕನಿ, ಫಸ್ಟ್ ರೋ!" ಅವನ ಹಿಂದೆ ನಾಲ್ಕು ಜನ ಹುಡುಗರು ಅಂಗಿಯ ತೋಳು ಮಡಚುತ್ತಿದ್ದರು.

"ನಾ ಎತ್ತಿಸ್ಕೊಳ್ಳೂದಿಲ್ಲ" ಎಂದೆ. ಗಟ್ಟಿಯಾಗಿಯೇ ಎಂದೆ. ಸುತ್ತಲಿನವರು ತಿರುಗಿ ನೋಡಿದರು.

ಗದ್ದಲ ಕೇಳಿ ಮ್ಯಾನೇಜರ್ ಬಂದರು. ನನ್ನನ್ನೂ ಮಹಡಿಯ ಮೆಟ್ಟಿಲನ್ನೂ ನೋಡಿ ಹುಡುಗನ ಮೇಲೆ ರೇಗಿದರು. "ಅಹೋ, ಯಾಂಚೀ ಜಾಗಾ ಖಾಲೀ ಆಹೇ! ಮೀ ಫೋನ್‌ವರ ಸಾಂಗಿತಲಂ ಹೋತಂ."

"ನೋಡಿ ಆಂಟಿ, ಈಗಲೂ ಅದನ್ನೇ ಹೇಳ್ತಿದಾರೆ. ಜಾಗ ಖಾಲಿ ಇದೆ ಅಂದ್ರು. ಸುಮ್ನೆ ವೇಸ್ಟ್ ಯಾಕೆ ಅಂತ ಆ ಖಾಲಿ ಜಾಗದಲ್ಲಿ ಗೆಸ್ಟ್‌ಗಳಿಗೆ ಸೋಫಾ ಹಾಕಿಸ್ದೆ. ನಿಮಗೆ ಮೇಲೆ ಇನ್ನೂ ಚೆನ್ನಾಗಿರೋದನ್ನ ಹುಡುಕ್ದೆ."

ನಾನು ನಗಬೇಕೋ ಅಳಬೇಕೋ? ಮರಾಠಿಯವರ ಖಾಲೀ ಎಂದರೆ ಕೆಳಗೆ. ಪುಣೆಗೆ ಬಂದ ಹೊಸತರಲ್ಲಿ ಬಸ್ಸಿನ ಕಂಡಕ್ಟರ್ "ಖಾಲೀ ಉತರಾ" ಎಂದು ಕೂಗಿದಾಗ, ಇಷ್ಟು ತುಂಬಿದ ಬಸ್ಸನ್ನು ಇವನು ಖಾಲಿ ಎನ್ನುತ್ತಾನಲ್ಲ ಎಂದು ನಾನೂ ಬೆರಗಾಗಿದ್ದವಳೇ. ನನ್ನಂಥವರ ಜಾಗ ಕೆಳಗಿದೆ ಎಂದು ಮ್ಯಾನೇಜರ್ ಫೋನಿನಲ್ಲೇ ಹೇಳಿದ್ದರು. ಹುಡುಗ ಅದನ್ನು ಬರಿದು ಎಂದು ತಿಳಿದು ತುಂಬಿಸಿಬಿಟ್ಟಿದ್ದ. ಬಿಡಿಸಿ ಹೇಳಿದೆ. ಅವನ ಮುಖ ಸಣ್ಣಗಾಯಿತು.

"ಈಗ್ಲೇ ಸೋಫಾ ತೆಗೆಸ್ತೀನಿ" ಎಂದು ಹೊರಟವನ ಕೈಯನ್ನು ನಮ್ಮ ಬಳಗದ ಹಿರಿಯರೊಬ್ಬರು ಹಿಡಿದರು. "ಏ ತಮ್ಮಾ, ಕೂತ ಪಾವಣ್ಯಾರನ್ನ ಎಬ್ಬಸೂದೇನು? ಊರಿಂದ ಕರಸೇವಿ ಅವರನ್ನ." ನನ್ನ ಕಡೆ ತಿರುಗಿ, "ತಂಗಿ, ಸ್ವಲ್ಪ ಹೊಂದ್ಕೋಬೇಕವಾ" ಎಂದರು.

ಬೇರೆ ಯಾರಾದರೂ ಹಾಗೆಂದಿದ್ದರೆ ನನ್ನ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ಆದರೆ ಕೂತ ಅತಿಥಿಯನ್ನು ಏಳಿಸಬಾರದೆಂದು ಕಲಿತು ಬೆಳೆದವಳು ನಾನೂ. ಸೋಫಾದಲ್ಲಿದ್ದವರು ವಯಸ್ಸಾದವರು, ಪಾಪ, ತಾವು ಕೂತದ್ದು ಯಾರ ಜಾಗ ಎಂದು ಅವರಿಗೇನು ಗೊತ್ತು? ಬಾಯಿ ಮುಚ್ಚಿಕೊಂಡೆ. ಆ ಸಿಟ್ಟು ಇವತ್ತಿಗೂ ಇದೆ. ನಡುದಾರಿಯಲ್ಲಿ ನಿಲ್ಲಲು ಮ್ಯಾನೇಜರ್ ಬಿಡಲಿಲ್ಲ, ಜನ ಹೊರಬೀಳುವ ದಾರಿ ಅದು, ಅವರ ಮಾತೂ ಸರಿಯೇ. ಕೊನೆಗೆ ಸೋಫಾಗಳ ಹಿಂದೆ, ಗೋಡೆಯ ಬದಿಗೆ ಕುರ್ಚಿ ನಿಂತಿತು. ನನ್ನ ಮುಂದೆ ಒಂದು ರುಮಾಲು, ಒಂದು ದೊಡ್ಡ ತುರುಬು.

ದೀಪ ಆರಿದವು. ಪರದೆಯ ಮುಂದೆ ಬೆಳಕು ಬಿತ್ತು. ರುಮಾಲು ಮತ್ತು ತುರುಬಿನ ಸಂದಿಯಲ್ಲಿ ಮಗಳ ಅರ್ಧ ಮುಖ ಕಂಡಿತು. ಬಂದು ನಿಂತವಳೇ ತಲೆಯೆತ್ತಿ ಬಾಲ್ಕನಿಯತ್ತ ನೋಡಿದಳು.

ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಆ ಹುಡುಗ ತಲೆ ಹಿಡಿದುಕೊಂಡ. "ಅಯ್ಯೋ ಆಂಟಿ, ಮೇಕಪ್ ಮಾಡುವಾಗ ನಾನೇ ಹೇಳಿದ್ದೆ, ಅಮ್ಮ ಮೇಲೆ ಇರ್ತಾರೆ ಅಂತ."

ಕೂಗಲೇ? ಕೂಗಿದರೆ ಬೆಚ್ಚಿ ಇದ್ದದ್ದೂ ಮರೆತಾಳು. ಕೂಗದಿದ್ದರೆ ಅಲ್ಲಿ ಕಾಣದೆ ಬಾಯಿ ಕಟ್ಟೀತು. ಕೈಯೆತ್ತಿ ಬೀಸಿದೆ. ಅವಳು ಕೆಳಗೆ ನೋಡಲೇ ಇಲ್ಲ. ಮೇಲೆ ಎಡಕ್ಕೆ ಹುಡುಕಿದಳು, ಬಲಕ್ಕೆ ಹುಡುಕಿದಳು. ಬಾಯಿ ತೆರೆದವಳು ಮತ್ತೆ ಮುಚ್ಚಿದಳು. ದೇವರೇ, ಆ ಮಗುವಿಗೆ ಯಾರನ್ನಾದರೂ ತೋರಿಸಪ್ಪ ಎಂದುಕೊಂಡೆ.

ಆಮೇಲೆ ಅವಳು ಒಂದು ಕಡೆ ದೃಷ್ಟಿ ನಿಲ್ಲಿಸಿ ನಕ್ಕಳು. ಮಾತು ಶುರುಮಾಡಿದಳು. ಕಣ್ಣಿಗೆ ದೀಪ ಹೊಡೆಯುತ್ತಿತ್ತು, ಎದುರಿಗೆ ಕತ್ತಲು, ಯಾರನ್ನು ಅವ್ವ ಎಂದುಕೊಂಡಳೋ. ಒಂದು ಅಕ್ಷರವೂ ತಪ್ಪದಂತೆ, ಅಷ್ಟನ್ನೂ ಅಲ್ಲಿಗೇ ಹೇಳಿದಳು. ರುಮಾಲಿನವರು ಚಪ್ಪಾಳೆ ತಟ್ಟುತ್ತ ಹಿಂದೆ ತಿರುಗಿ, "ಭಾಳ ಧೈರ್ಯದ ಹುಡುಗಿ ಅದರೀ" ಎಂದರು. ನಾನು ಹೌದ್ರಿ ಎಂದೆ.

ರಿಕ್ಷಾದಲ್ಲಿ ಮಗಳು ನಮ್ಮಿಬ್ಬರ ನಡುವೆ ಕೂತಳು. ಮುಖದ ಬಣ್ಣ ಇನ್ನೂ ತೊಳೆದಿರಲಿಲ್ಲ.

"ಅವ್ವಾ, ನಿನ್ನ ನೋಡ್ಕೋತನ ಹೇಳಿದೆ. ನಾ ನಿನಗ ಛಲೋ ಕಂಡ್ನಿಲ್ಲೋ?"

"ಕಂಡಿ. ಭಾಳ ಛಲೋ ಕಂಡಿ."

ನನ್ನ ಭುಜಕ್ಕೆ ತಲೆಯಿಟ್ಟಳು. ಗಂಡ ಹೊರಗೆ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಅವಳು ತಲೆಯೆತ್ತಿದಳು.

"ಅವರು ನಿನ್ನ ಎತ್ತಿದ್ರೇನು?"

"ಇಲ್ಲವ್ವಾ. ನಿನಗ ಮಾತು ಕೊಟ್ಟೀನಲ್ಲ. ಎತ್ತಿಸ್ಕೊಂಡಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು.

"ಹಂಗಾದ್ರ ಮ್ಯಾಲೆ ಹೆಂಗ ಹ್ವಾದಿ?"