ಒಂದು ಕಳೆಯಬೇಕು

ಬಲಸಮುದ್ರದ ಹತ್ತಿರದ ಸೋಲಾರ್ ಪ್ಲಾಂಟಿನ ಕಂಟ್ರೋಲ್ ರೂಮಿನಲ್ಲಿ ಅದು ನನ್ನ ಮೂರನೇ ಬೇಸಿಗೆ. ಮಗಳು ಮಧುಗಿರಿಯಲ್ಲಿ ನನ್ನ ಅತ್ತೆಯ ಹತ್ತಿರ ಬೆಳೆಯುತ್ತಿದ್ದಳು. ಶನಿವಾರ ಸಂಜೆ ಪಾವಗಡದಲ್ಲಿ ಬಸ್ಸು ಹತ್ತಿದರೆ ಮಿಡಿಗೇಶಿ ದಾಟುವಷ್ಟರಲ್ಲಿ ಕತ್ತಲು. ಮನೆ ಮುಟ್ಟುವಾಗ ಅವಳು ಮಲಗಿರುತ್ತಿದ್ದಳು. ಭಾನುವಾರವೆಲ್ಲ ನನ್ನ ಮೇಲೆ ಮುನಿಸು. ಅದು ಇಳಿಯುವ ಹೊತ್ತಿಗೆ ನನ್ನ ವಾಪಸ್ ಬಸ್ಸು. ಕಂಪನಿಯ ಮಧುಗಿರಿ ಆಫೀಸಿನಲ್ಲಿ ಒಂದು ಜಾಗ ಖಾಲಿಯಾದಾಗ ವರ್ಗಾವಣೆ ಕೇಳಿದೆ. "ನಿಮ್ಮ ಕೆಲಸ ಬೇರೆ ಯಾರಾದರೂ ಮಾಡಿ ತೋರಿಸಲಿ, ಕಳಿಸ್ತೀನಿ" ಎಂದರು ಮ್ಯಾನೇಜರು.

ಆ ಕೆಲಸವೋ, ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡುವುದು, ಅಷ್ಟೇ. ಬಣ್ಣಬಣ್ಣದ ಚಿತ್ರ ತೋರಿಸುವ ದೊಡ್ಡ ಸಾಫ್ಟ್‌ವೇರ್ ಬಿಸಿಲೇರಿದ ಮೇಲೆ ಮುಷ್ಕರ ಹೂಡುತ್ತಿತ್ತು. ಆಗ ನಾನು ಕಮಾಂಡ್ ಬರೆದು, ಸಾಲುಸಾಲು ಪ್ಯಾನೆಲ್ಲುಗಳ ಒಂದೊಂದು ಬ್ಲಾಕಿಗೂ ಇರುವ ಕಂಟ್ರೋಲರ್ ಜೊತೆ ನೇರವಾಗಿ ಮಾತಾಡುತ್ತಿದ್ದೆ: ಇಂಥ ನಂಬರಿನ ಖಾನೆಯಲ್ಲಿ ಏನಿದೆ ಹೇಳು, ಇಂಥ ಖಾನೆಗೆ ಇದನ್ನು ಹಾಕು, ನಿಂತ ಇನ್ವರ್ಟರನ್ನು ಶುರು ಮಾಡು. ಅದರಲ್ಲಿ ಒಂದೇ ಕಿತಾಪತಿ. ಯಂತ್ರದ ಜೊತೆ ಬಂದ ಪುಸ್ತಕ ಖಾನೆಗಳನ್ನು ಒಂದರಿಂದ ಎಣಿಸುತ್ತದೆ, ನಮ್ಮ ಕಮಾಂಡ್ ಸೊನ್ನೆಯಿಂದ. ಪುಸ್ತಕದ ನಂಬರಿನಲ್ಲಿ ಒಂದು ಕಳೆಯದಿದ್ದರೆ ಆಜ್ಞೆ ಪಕ್ಕದ ಖಾನೆಗೆ ಬೀಳುತ್ತದೆ. ಇನ್ವರ್ಟರ್ ಶುರು ಮಾಡುವ ಖಾನೆಯ ಪಕ್ಕದ್ದು ಇಡೀ ಬ್ಲಾಕನ್ನೇ ನಿಲ್ಲಿಸುವ ಖಾನೆ.

ನಿಡುಗಲ್ಲಿನಿಂದ ದಿನಾ ಬೈಕಿನಲ್ಲಿ ಬಂದುಹೋಗುತ್ತಿದ್ದ ಹಿರಿಯ ಸಹೋದ್ಯೋಗಿಯನ್ನು ಹಿಡಿದು ಕೂರಿಸಿ ಕಲಿಸಿದೆ. "ಇವೆಲ್ಲ ನಂಗ್ಯಾಕಮ್ಮ" ಅಂದವರು, ಕೆಲವೇ ವಾರಗಳಲ್ಲಿ ನನಗಿಂತ ಚುರುಕಾಗಿ ಹೊಡೆಯುತ್ತಿದ್ದರು. ನಾನು ಮಧುಗಿರಿಯಲ್ಲಿ ಶಿಶುವಿಹಾರ ವಿಚಾರಿಸತೊಡಗಿದೆ. ಅಷ್ಟು ಖುಷಿ.

ಒಂದು ಮಧ್ಯಾಹ್ನ ಸಾಫ್ಟ್‌ವೇರ್ ಮುಷ್ಕರದಲ್ಲಿದ್ದಾಗಲೇ ಒಂದು ಇನ್ವರ್ಟರ್ ನಿಂತಿತು. ಮ್ಯಾನೇಜರು ಬಂದು, "ಈಗ ತೋರಿಸಿ" ಎಂದರು. ಸಹೋದ್ಯೋಗಿ ಕೀಬೋರ್ಡಿನ ಮುಂದೆ ಕೂತರು, ನಾನು ಬೆನ್ನ ಹಿಂದೆ ನಿಂತೆ. ಬೆರಳುಗಳು ಸರಾಗವಾಗಿ ಓಡಿ, ನಂಬರು ಬಂದಾಗ ತಡೆದವು. ಪುಸ್ತಕದಲ್ಲಿದ್ದ ನಂಬರನ್ನೇ ಹೊಡೆದರು. ಒಂದು ಕಳೆಯಲಿಲ್ಲ. ಆಮೇಲೆ ತಿರುಗಿ ನನ್ನನ್ನು ನೋಡಿದರು. ಮರೆತವರ ನೋಟವಲ್ಲ ಅದು. ಬೆರಳು ಎಂಟರ್ ಕಡೆ ಹೊರಟಿತ್ತು. ಬಿಟ್ಟರೆ ಬ್ಲಾಕು ನಿಲ್ಲುತ್ತದೆ, ತಡೆದರೆ ಇಲ್ಲೇ ನಾನು ನಿಲ್ಲುತ್ತೇನೆ. ಬಾಯಲ್ಲಿ ಬಿಸಿ ತುಪ್ಪ. ನಾನು ಯೋಚಿಸುವ ಮುಂಚೆಯೇ ನನ್ನ ಕೈ ಅವರ ಭುಜದ ಮೇಲಿಂದ ಹೋಗಿ ನಂಬರು ತಿದ್ದಿ ಒತ್ತಿತ್ತು.

"ನೋಡಿ, ನೀವಿಲ್ಲದಿದ್ದರೆ ಏನಾಗ್ತಿತ್ತು" ಎಂದರು ಮ್ಯಾನೇಜರು, ಹೊಗಳಿಕೆ ಅಂದುಕೊಂಡು. ವರ್ಗಾವಣೆಯ ಮಾತನ್ನು ಆಮೇಲೆ ಅವರು ಎತ್ತಲೇ ಇಲ್ಲ.

ಟೀಗೆ ಕೂತಾಗ ಸಹೋದ್ಯೋಗಿಯನ್ನು ಕೇಳಿಯೇ ಬಿಟ್ಟೆ, ಬೇಕಂತಲೇ ಮಾಡಿದಿರಾ ಎಂದು. ಅವರು ಅಲ್ಲಗಳೆಯಲಿಲ್ಲ.

"ನಂಗೆ ಬತ್ತದೆ ಅಂತ ಗೊತ್ತಾಗ್ಬುಟ್ರೆ ನಿನ್ನಂಗೇ ನನ್ನೂ ಇಲ್ಲೇ ಗೂಟಕ್ಕೆ ಕಟ್ಟಾಕ್ತಾರೆ ಕಣಮ್ಮ. ನಾನೇನು ಎಂಟರ್ ಒತ್ತಾ ಇರ್ಲಿಲ್ಲ. ನೀನು ಕೈ ಹಾಕೇ ಹಾಕ್ತೀಯ ಅಂತ ಗೊತ್ತಿತ್ತು."

ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗೆ ಅಲಾರಂ ಹೊಡೆದುಕೊಂಡಿತು. ಅವರು ಲೋಟ ಹಿಡಿದು ಕೂತೇ ಇದ್ದರು. ನಾನು ಎದ್ದೆ.